ಗುಂಡಿ ಒತ್ತುವ ಮೊದಲು ಓದಿಸುತ್ತಿದ್ದವರು

ಕಂಪ್ಯೂಟರಿನಲ್ಲಿ ಕೆಟ್ಟದಾಗಿ ಮಾಡಿದ ಪರದೆ ಕಂಡರೆ ನಮ್ಮ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ತೆರೆದ ಗಟಾರದ ಪಕ್ಕ ಹಾಯುವಾಗ ಮಾಡುತ್ತೇವಲ್ಲ, ಹಾಗೆ. ಕಂಪ್ಯೂಟರಿಗೆ ಎಂಥ ವಾಸನೆ ಎಂದು ಎಂ.ಎಸ್ಸಿ. ಸೇರಿದ ಹೊಸದರಲ್ಲಿ ನಾವು ತಲೆ ಬಗ್ಗಿಸಿ ನಗುತ್ತಿದ್ದೆವು. ಅವರು ಗದಗಿನ ಜೋಡಿ ಊರಾದ ಬೆಟಗೇರಿಯ ನೇಕಾರರ ಮನೆಯವರು, ಉಡುತ್ತಿದ್ದದ್ದು ಕೈಮಗ್ಗದ ಸೀರೆ. ಸೆರಗಿನ ಒಂದು ಮೂಲೆ ಸದಾ ಮುದುಡಿಕೊಂಡೇ ಇರುತ್ತಿತ್ತು.

ಅವರು ಕಲಿಸುತ್ತಿದ್ದದ್ದು ಡೇಟಾಬೇಸ್. ಕೂಡಿಟ್ಟ ಮಾಹಿತಿಯಿಂದ ಬೇಕಾದದ್ದನ್ನು ಕೇಳಿ ಪಡೆಯಲು, ಬೇಡದ್ದನ್ನು ಅಳಿಸಲು ನಾವು ಒಂದು ಸಾಲು ಬರೆಯುತ್ತೇವೆ. ಆ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳದೆ ಗುಂಡಿ ಒತ್ತುವಂತಿರಲಿಲ್ಲ. “ಓದಿ ಹೇಳು, ಆಮ್ಯಾಲ ಒತ್ತು,” ಎನ್ನುತ್ತಿದ್ದರು. ನಾಲ್ಕು ಜನರ ಮುಂದೆ ದನಿ ತೆಗೆಯುವುದು ನನಗೆ ಹಿಂಸೆ. ಆದರೂ ಓದುತ್ತಿದ್ದೆ. ಓದುವಾಗಲೇ ತಪ್ಪು ಸಿಗುತ್ತಿತ್ತು.

ಗದಗಿನಲ್ಲಿ ರಕ್ತದಾನಿಗಳ ಒಂದು ಸಣ್ಣ ಬಳಗವಿದೆ. ಮೇಡಂ ಅದರಲ್ಲಿದ್ದರು. ಬಳಗದ ಅಧ್ಯಕ್ಷರು ಹೊರಗಿನ ಕಂಪನಿಯೊಂದರಿಂದ ಚಿತ್ರಗಳ ಮೂಲಕ ಹುಡುಕುವ ತಂತ್ರಾಂಶ ತರಿಸಿದ್ದರು. ಊರಿನ ಚಿತ್ರ, ರಕ್ತದ ಗುಂಪಿನ ಚಿತ್ರಗಳನ್ನು ಎಳೆದು ಒಂದು ಬುಟ್ಟಿಗೆ ಹಾಕಿದರೆ ದಾನಿಗಳ ಹೆಸರು ಬರುತ್ತದೆ. ಮೂಲೆಯಲ್ಲಿ ಕಣ್ಣು ಬಾಯಿ ಇರುವ ಕೆಂಪು ಹನಿಯೊಂದು ನಗುತ್ತಿರುತ್ತದೆ.

“ಚಿಕ್ಕ ಮಗುವಿಗೂ ಅರ್ಥ ಆಗತ್ತೆ ಮೇಡಂ,” ಎಂದ ಕಂಪನಿಯವನು.

“ಕೂಸಿಗೆ ತಿಳದು ಏನ್ ಮಾಡೋದೈತ್ರಿ? ರಕ್ತ ಹುಡಕಾಕ ಕೂಸು ಬರತಾವೇನು?” ಎಂದು ಮೇಡಂ ಸೆರಗು ಎತ್ತಿದರು.

ಅದೇ ಮಾಹಿತಿಯನ್ನು ಸಾಲು ಬರೆದು ಕೇಳುವ ಇನ್ನೊಂದು ಪರದೆ ಮಾಡಿ, ಜನರಿಗೆ ಯಾವುದು ಒಗ್ಗುತ್ತದೆ ಎಂದು ನೋಡುವುದು ನನ್ನ ಪ್ರಾಜೆಕ್ಟ್ ಆಯಿತು. ಬಳಗದ ಕಚೇರಿಯ ಮೇಜಿನ ಮುಂದೆ ಕೂತು ದಾನಿಗಳನ್ನು ಹುಡುಕಿಕೊಡುತ್ತಿದ್ದ ಕಾಕಾ ನನ್ನ ಪರದೆಯನ್ನು ದ್ವೇಷಿಸುತ್ತಿದ್ದರು. ಒಂದು ಚುಕ್ಕೆ ತಪ್ಪಿದರೂ ಅದು ಇಂಗ್ಲಿಷಿನಲ್ಲಿ ಕೆಂಪಗೆ ಸಿಡುಕುತ್ತಿತ್ತು. “ಇದು ನಮ್ಮ ಅತ್ತಿ ಇದ್ದಂಗ ಐತ್ರಿ ಬಾಯಾರ, ಬರೇ ಬೈತೈತಿ,” ಎಂದು ಮೇಡಂ ಹತ್ತಿರ ದೂರಿದರು. ಮೇಡಂ ಅದಕ್ಕೂ ಮೂಗು ಮುಚ್ಚಿಕೊಂಡರು. ಬೈಗುಳವನ್ನು ತೆಗೆದು, ಎಲ್ಲಿ ತಪ್ಪಿದೆ ಎಂದು ಕನ್ನಡದಲ್ಲಿ ತೋರಿಸುವಂತೆ ಮಾಡಲು ನನಗೆ ಹೇಳಿದರು.

ಆ ಕೆಲಸದಲ್ಲಿದ್ದಾಗಲೇ ಒಂದು ಮಧ್ಯಾಹ್ನ ಕೊರ್ಲಹಳ್ಳಿಯವರೊಬ್ಬರು ಬಂದರು. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಬಿ ನೆಗೆಟಿವ್ ಬೇಕು ಎಂದರು. ಕಾಕಾ ರಕ್ತದ ಗುಂಪನ್ನು ಬುಟ್ಟಿಗೆ ಹಾಕಿದರು. ಗದಗ ಹಾಕಿದರು, ಅದರ ಹಿಂದೆಯೇ ಬೆಟಗೇರಿ ಹಾಕಿದರು. ‘ಯಾರೂ ಇಲ್ಲ’ ಎಂದು ಬಂತು. ಹನಿ ನಗುತ್ತಲೇ ಇತ್ತು.

“ಯಾರೂ ಇಲ್ಲಂತೋ ತಮ್ಮಾ. ಹುಬ್ಬಳ್ಳಿಗಾದ್ರೂ ಹೋಗಿ ನೋಡು.”

ಬಂದವರು ಬಾಗಿಲ ತನಕ ಹೋಗಿದ್ದರು. ಒಳಗಿನಿಂದ ಬಂದ ಮೇಡಂ ಪರದೆ ನೋಡಿದರು.

“ಏನ್ ಕೇಳಿದ್ರಿ ಕಾಕಾ ಅದಕ್ಕ?”

“ಬಿ ನೆಗೆಟಿವ್, ಗದಗ-ಬೆಟಗೇರಿ.”

“ನಂದ ಬಿ ನೆಗೆಟಿವ್ ಐತಿ. ಬೆಟಗೇರ್ಯಾಗ ನನ್ನ ಮನಿ ಐತಿ. ಇಲ್ಲೆ ನಿಂತೇನಲ್ರಿ! ಇಲ್ಲಂತ ಹ್ಯಾಂಗ ಅಂತೈತಿ ಇದು? ಏ ಅಣ್ಣಾ, ನಿಂದರು. ಜಲ್ದಿ ಆಟೋ ಕರಿ.”

ಅವರು ಹೋದ ಮೇಲೆ ಬುಟ್ಟಿಯನ್ನು ನಾನು ಬಿಡಿಸಿ ನೋಡಿದೆ. ಬುಟ್ಟಿಗೆ ಬಿದ್ದದ್ದೆಲ್ಲ ಒಬ್ಬರಲ್ಲೇ ಇರಬೇಕು ಎಂಬುದು ಆ ತಂತ್ರಾಂಶದ ಲೆಕ್ಕ. ಗದಗಿನಲ್ಲೂ ಬೆಟಗೇರಿಯಲ್ಲೂ ಏಕಕಾಲಕ್ಕೆ ವಾಸಿಸುವ ಒಬ್ಬ ಮನುಷ್ಯನನ್ನು ಅದು ಹುಡುಕಿತ್ತು. ಹುಡುಕಿದ್ದು ಹಾಗೆ ಎಂದು ಎಲ್ಲಿಯೂ ಹೇಳಿರಲಿಲ್ಲ. ಪರದೆಯ ವಾಸನೆ ನನಗೆ ಮೊದಲ ಸಲ ತಿಳಿದದ್ದು ಅವತ್ತು.

ಆ ತಾಯಿ ಉಳಿದಳು. ಇದನ್ನು ವಿಚಾರಿಸಲು ಕರೆದ ಬಳಗದ ಸಭೆಯಲ್ಲಿ ಕಂಪನಿಯವನು, ಬಳಸುವವರಿಗೆ ತರಬೇತಿ ಸಾಲದು ಎಂದ. ಕಾಕಾ ತಲೆ ತಗ್ಗಿಸಿದರು.

“ಅವರಿಗ್ಯಾಕ ಅಂತೀರಿ? ಬೆಟಗೇರಿ ಬಿಟ್ಟು ಬರೇ ಗದಗ ಅನ್ನೋ ಬಾಯಿ ಈ ಊರಾಗ ಎಲ್ಲೈತ್ರಿ?” ಎಂದರು ಮೇಡಂ. “ಈ ಹುಡುಗಿ ಮಾಡಿದ್ದು ಬೈತೈತಿ, ನಿಮ್ಮದು ಸುಳ್ಳ ಹೇಳತೈತಿ. ಬೈದರ ತಡಕೋಬಹುದು. ಚಿತ್ರ ಇರಲಿ, ಬ್ಯಾಡ ಅನ್ನಂಗಿಲ್ಲ. ಉತ್ತರದ ಮ್ಯಾಲೆ ನಾವು ಏನ್ ಕೇಳೇವಿ ಅನ್ನೋದು ಕನ್ನಡದಾಗ ಬರಲಿ.”

ಅಧ್ಯಕ್ಷರು ಗೋಡೆಯತ್ತ ನೋಡಿದರು. ಅಲ್ಲಿ ಉದ್ಘಾಟನೆಯ ಫೋಟೋ ಇತ್ತು, ಫೋಟೋದಲ್ಲಿ ಅವರ ಪಕ್ಕದಲ್ಲೇ ಹನಿ ಇತ್ತು. “ನೋಡಾಕ ಛಲೋ ಐತಿ. ಇರಲಿ ಬಿಡ್ರಿ,” ಎಂದರು. ಆ ತಂತ್ರಾಂಶ ಏನೂ ಬದಲಾಗದೆ ಇವತ್ತಿಗೂ ಇದೆ. ನನ್ನದು ಪಕ್ಕದ ಹಳೆಯ ಕಂಪ್ಯೂಟರಿನಲ್ಲಿದೆ.

ಮೇಡಂ ಕಳೆದ ಚಳಿಗಾಲ ತೀರಿಕೊಂಡರು. ಕಾಯಿಲೆಯ ವಿಷಯ ಬರೆಯಲು ನನಗೆ ಮನಸ್ಸಿಲ್ಲ, ಅವರಿಗೂ ಹಿಡಿಸುತ್ತಿರಲಿಲ್ಲ. ದಾನಿಗಳ ಮಾಹಿತಿ ನೋಡಿಕೊಳ್ಳುವ ಕೆಲಸ ನನಗೆ ಬಂತು.

ಮೊನ್ನೆ ಯಾರೋ ಬಿ ನೆಗೆಟಿವ್ ಕೇಳಿ ಫೋನ್ ಮಾಡಿದರು. ಕಾಕಾ ಈಗ ಬುಟ್ಟಿಗೆ ಒಂದೇ ಊರು ಹಾಕುತ್ತಾರೆ, ಅದೂ ಹೆದರಿಕೊಂಡು. ಬೆಟಗೇರಿ ಹಾಕಿದರು. ಮೊದಲು ಬಂದದ್ದು ಮೇಡಂ ಹೆಸರು. ಪಕ್ಕದಲ್ಲಿ ಹನಿ ನಗುತ್ತಿತ್ತು. ಕಾಕಾ ಕುರ್ಚಿ ಹಿಂದೆ ಸರಿಸಿದರು.

“ಅವತ್ತ ಮುಂದ ನಿಂತಾಗ ಇಲ್ಲ ಅಂತು. ಈಗ ಅದಾರ ಅಂತೈತಲ್ಲಬೇ ಇದು.”

ಕೆಳಗಿದ್ದ ಬೇರೆ ದಾನಿಗೆ ಅವರೇ ಫೋನ್ ಮಾಡಿದರು. ನಾನು ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಒಂದು ಸಾಲು ಬರೆದೆ. ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಆದರೂ ಗಟ್ಟಿಯಾಗಿ ಓದಿದೆ: ಬೆಟಗೇರಿಯ, ಬಿ ನೆಗೆಟಿವ್ ರಕ್ತದ, ಈ ಹೆಸರಿನ ಇವರೊಬ್ಬರನ್ನು ಮಾತ್ರ ದಾನಿಗಳ ಪಟ್ಟಿಯಿಂದ ಅಳಿಸು.

“ಬರೋಬ್ಬರಿ ಐತಿ,” ಎಂದರು ಕಾಕಾ. “ಒತ್ತು.”

ಒತ್ತಿದೆ. ಪಕ್ಕದ ಪರದೆಯ ಹನಿ ಇನ್ನೂ ನಗುತ್ತಿತ್ತು. ನಾನು ದುಪಟ್ಟಾದ ತುದಿಯನ್ನು ಮೂಗಿಗೆ ಹಿಡಿದುಕೊಂಡೆ.