ಸ್ಟೀಲ್ ಲೋಟದ ಫುಟ್‌ಬಾಲ್

ಸ್ಟೀಲ್ ಲೋಟದೊಳಗೆ ಗಟ್ಟಿಯಾದದ್ದೇನಾದರೂ ಬಿದ್ದರೆ ಒಂದು ಸದ್ದು ಬರುತ್ತದೆ. ಮೊದಲು ಟಣ್ ಎನ್ನುತ್ತದೆ, ಆಮೇಲೆ ತಳದಲ್ಲಿ ಒಂದು ಸುತ್ತು ಉರುಳಿ ಸುಮ್ಮನಾಗುತ್ತದೆ. ಕಳೆದ ವರ್ಷ ಸ್ಯಾನ್ ಡಿಯಾಗೋದ ಕರ್ನಿ ಮೆಸಾದ ಹೋಟೆಲೊಂದರಲ್ಲಿ ಅಮ್ಮ, ಅಣ್ಣ, ನಾನು ದೋಸೆ ತಿಂದು ಮುಗಿಸಿ ಕೂತಿದ್ದೆವು. ಪಕ್ಕದ ಟೇಬಲ್ಲಿನ ಮಗುವೊಂದು ಬಿಲ್ಲಿನ ಜೊತೆ ಬಂದ ಎರಡು ಪೆಪ್ಪರ್‌ಮಿಂಟನ್ನು ಖಾಲಿ ಕಾಫಿ ಲೋಟಕ್ಕೆ ಹಾಕಿ ಅಲ್ಲಾಡಿಸಿತು. ನಾನು ತಟ್ಟನೆ ತಲೆ ಎತ್ತಿದೆ. ಎದುರಿಗೆ ಅಣ್ಣನೂ ತಲೆ ಎತ್ತಿದ್ದ. ಅಮ್ಮ ಮಾತ್ರ ಕೇಳಿಸದವರ ಹಾಗೆ ಚಟ್ನಿ ಬಟ್ಟಲನ್ನು ಬಳಿಯುತ್ತಿದ್ದಳು. "ಆ ಪೆಟ್ಟಿಗೆ ಎಲ್ಲಿದೆ?" ಎಂದು ಕೇಳಿದೆ. ಯಾವ ಪೆಟ್ಟಿಗೆ ಎಂದು ಅಣ್ಣ ಕೇಳಲಿಲ್ಲ. "ಗ್ಯಾರೇಜಲ್ಲಿದೆ ಕಣೇ. ಡೊನೇಟ್ ಮಾಡೋ ಸಾಮಾನಿನ ಜೊತೆ ಇಟ್ಟಿದೀನಿ" ಎಂದ, ಸಾಂಬಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ತಣ್ಣಗೆ. ನನಗೆ ಮೈಯೆಲ್ಲ ಉರಿಯಿತು. ಇನ್ನು ಕೆಲವೇ ದಿನಗಳಲ್ಲಿ ಅವನು ಅಮ್ಮನನ್ನು ಕರೆದುಕೊಂಡು ಟೆಕ್ಸಾಸಿಗೆ ಮನೆ ಬದಲಾಯಿಸುವವನಿದ್ದ. ಅವನು ಹೋದರೆ ಆ ಪೆಟ್ಟಿಗೆಯೊಳಗಿನ ಆಟ ಗೊತ್ತಿರುವವರು ಈ ಕಡೆ ನನ್ನೊಬ್ಬಳ ಹೊರತು ಯಾರೂ ಉಳಿಯುತ್ತಿರಲಿಲ್ಲ. ಒಬ್ಬರೇ ಆಡುವ ಆಟ ಅದಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಪೆಟ್ಟಿಗೆ ಇದ್ದಿರಬಹುದು, ಹಾವು ಏಣಿಯದೋ, ಕೇರಂ ಪಾನುಗಳದೋ. ನಮ್ಮ ಮನೆಯದು ಅಮೆರಿಕನ್ ಫುಟ್‌ಬಾಲಿನದು. ಕಾಲಲ್ಲಿ ಒದೆಯುವ ಫುಟ್‌ಬಾಲಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಆಟ. ಅದನ್ನು ಊಟದ ಮೇಜಿನ ಮೇಲೆ ಇಬ್ಬರು ಕೂತು ಆಡಲು ಯಾರೋ ಪುಣ್ಯಾತ್ಮರು ದಾರಿ ಕಂಡುಹಿಡಿದಿದ್ದರು. ಹಸಿರು ಮೈದಾನ ಬರೆದ ಮಡಚುವ ಹಲಗೆ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಕಾರ್ಡು, ಕಾರ್ಡಿನ ತುಂಬ ಇರುವೆ ಸಾಲಿನಂಥ ಅಂಕಿಗಳು, ಎರಡು ದಾಳ. ಚೆಂಡು ಇರುವವರು ಓಡುತ್ತೇನೆ ಅಥವಾ ಎಸೆಯುತ್ತೇನೆ ಎನ್ನುವ ಕಾರ್ಡೊಂದನ್ನು ಗುಟ್ಟಾಗಿ ಬೋರಲು ಇಡಬೇಕು. ಎದುರಿನವರು ಅದೇನೆಂದು ಊಹಿಸಿ ತಮ್ಮದೊಂದು ಕಾರ್ಡು ಇಡಬೇಕು. ಎರಡನ್ನೂ ತಿರುಗಿಸಿ ದಾಳ ಹಾಕಿದರೆ, ಬಿದ್ದ ಅಂಕಿಗೆ ಆಟಗಾರ ಎಷ್ಟು ಗಜ ಮುಂದೆ ಹೋದ ಎಂದು ಅವನ ಕಾರ್ಡು ಹೇಳುತ್ತದೆ. ಕೊಟ್ಟ ಚಾನ್ಸುಗಳಲ್ಲಿ ಹತ್ತು ಗಜ ಹೋಗದಿದ್ದರೆ ಚೆಂಡು ಎದುರಿನವರ ಪಾಲು. ಹೇಳಿದರೆ ಬ್ಯಾಂಕಿನ ಕೆಲಸದ ಹಾಗೆ ಕೇಳಿಸುತ್ತದೆ ಎಂದು ನನಗೂ ಗೊತ್ತು. ಆಡಿದವರಿಗೆ ಮಾತ್ರ ಗೊತ್ತು, ಒಂಬತ್ತು ಗಜ ಹೋಗಿ ನಿಂತ ಆಟಗಾರನನ್ನು ನೋಡುವ ಸಂಕಟ.

ಅಪ್ಪ ಅದನ್ನು ಡೈಮಂಡ್ ಬಾರ್ ಎಂಬ ಊರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು ಹಳೇ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲಿನಲ್ಲಿ ಕೊಂಡು ತಂದಿದ್ದ. ನಾವು ಬೆಂಗಳೂರಿನಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ. ನನಗೆ ಎಂಟು ವರ್ಷ, ಅಣ್ಣನಿಗೆ ಹನ್ನೊಂದು. ಸೋಮವಾರ ಸ್ಕೂಲಿಗೆ ಹೋದರೆ ಊಟದ ಹೊತ್ತಿನಲ್ಲಿ ಎಲ್ಲರೂ ಭಾನುವಾರದ ಫುಟ್‌ಬಾಲ್ ಮ್ಯಾಚಿನ ಮಾತೇ ಆಡುತ್ತಿದ್ದರು, ನಾವಿಬ್ಬರೂ ಪೆಕರರ ಹಾಗೆ ಸ್ಯಾಂಡ್‌ವಿಚ್ ನೋಡುತ್ತ ಕೂತಿರುತ್ತಿದ್ದೆವು. ಟೆಲಿಕಾಂ ಕಂಪನಿಯ ಎಂಜಿನಿಯರಾಗಿದ್ದ ಅಪ್ಪನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗಂಧಗಾಳಿ ಇರಲಿಲ್ಲ. ಆದರೂ ರೂಲುಗಳ ಪುಸ್ತಕವನ್ನು ಪರೀಕ್ಷೆಗೆ ಓದುವವನ ಹಾಗೆ ಓದಿದ. ಪೆಟ್ಟಿಗೆಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಕಪ್ಪು ಒಡೆದುಹೋಗಿದ್ದರಿಂದ ದಾಳ ಅಲ್ಲಾಡಿಸಲು ಅಮ್ಮನ ಕಾಫಿ ಲೋಟವೊಂದನ್ನು ಎತ್ತಿಕೊಂಡ, ಆಮೇಲೆ ವಾಪಸು ಕೊಡಲೇ ಇಲ್ಲ. ಆಟಗಾರರಿಗೆಲ್ಲ ತಾನೇ ಹೆಸರಿಟ್ಟ. ಚೆಂಡು ಹಿಡಿದು ನುಗ್ಗುವ ದಪ್ಪನೆಯವನು ಗೂಳಿ. ಹಿಂದೆ ನಿಂತು ಎಲ್ಲರಿಗೂ ಅಪ್ಪಣೆ ಕೊಡುವವನು ಭಟ್ಟರು. ಇಡೀ ಆಟದಲ್ಲಿ ಹಾಯಾಗಿ ಕೂತಿದ್ದು, ಕೊನೆಯಲ್ಲಿ ಬಂದು ಒಂದೇ ಒಂದು ಸಲ ಒದ್ದು, ಎಲ್ಲರಿಂದ ಬೆನ್ನು ತಟ್ಟಿಸಿಕೊಂಡು ಹೋಗುವವನು ಅಳಿಯ. ಈಗಲೂ ಟಿವಿಯಲ್ಲಿ ಆ ಒದೆಯುವವನು ಬಂದರೆ ನನ್ನ ಬಾಯಲ್ಲಿ ಅಳಿಯಂದಿರು ಬಂದರು ಎಂದೇ ಬರುತ್ತದೆ.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಇಬ್ಬರು ಆಡುವಾಗ ಮೂರನೆಯವರು ಊಟದ ಮೇಜಿನ ಹತ್ತಿರ ಸುಳಿಯಬಾರದು. ಗುಟ್ಟಿನ ಕಾರ್ಡು ಕಂಡವರ ಮುಖದಲ್ಲೇ ಗೊತ್ತಾಗಿಬಿಡುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಹಾಗಾಗಿ ಶನಿವಾರ ಬೆಳಿಗ್ಗೆ ಅಣ್ಣ ಅಪ್ಪನ ಜೊತೆ ಆಡುತ್ತಿದ್ದ, ನಾನು ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಮುಖ ಊದಿಸಿಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಭಾನುವಾರ ನನ್ನ ಸರದಿ, ಬೆಳ್ಳುಳ್ಳಿ ಅಣ್ಣನದು. ಅಣ್ಣ ತಂಗಿ ಎದುರುಬದುರು ಕೂತು ಒಂದು ಸಲವೂ ಆಡಲಿಲ್ಲ. ಶನಿವಾರದ ಅಡುಗೆಮನೆಯನ್ನು ನೆನೆದರೆ ಈಗಲೂ ಕೆಮ್ಮು ಬರುತ್ತದೆ. ಒಣಮೆಣಸಿನಕಾಯಿಯ ಒಗ್ಗರಣೆ ಘಾಟು ಕಣ್ಣು ಮೂಗು ತುಂಬಿಕೊಂಡರೂ ಅಮ್ಮ ಒಲೆಯ ಮೇಲಿನ ಫ್ಯಾನ್ ಹಾಕುತ್ತಿರಲಿಲ್ಲ. ಹಾಕಮ್ಮ ಎಂದು ಗೋಗರೆದರೂ ಹಾಕುತ್ತಿರಲಿಲ್ಲ. ಆ ಹೊಗೆಯಲ್ಲಿ ಬಾಗಿಲಿನ ಆಚೆಯಿಂದ ಗುಣುಗುಣು ಎಂದು ಮಾತು ಕೇಳುತ್ತಿತ್ತು. ಪದವೂ ತಿಳಿಯುತ್ತಿರಲಿಲ್ಲ, ದನಿ ಯಾರದೆಂದೂ ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ. ಅದು ಎಷ್ಟು ಹೊತ್ತಾದರೂ ನಿಲ್ಲುತ್ತಿರಲಿಲ್ಲ. ಅಪ್ಪ ಅಣ್ಣನಿಗೆ ಆಟದ ಮರ್ಮವನ್ನೆಲ್ಲ ಹೇಳಿಕೊಡುತ್ತಿದ್ದಾನೆ, ನನಗೆ ಹೇಳುವುದಿಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಸರದಿಯಲ್ಲಿ ಅಪ್ಪ ಅಷ್ಟೊಂದು ಮಾತಾಡಿದ್ದೇ ಇಲ್ಲ.

ನನ್ನ ಸರದಿಯಲ್ಲಿ ಇದ್ದದ್ದು ಲೋಟದ ಸದ್ದು, ನನ್ನ ಕಿರುಚಾಟ. ಹತ್ತು ಗಜ ಹೋಗಲು ನಮಗೆ ಆರು ಚಾನ್ಸ್. ಟಿವಿಯಲ್ಲಿ ನಾಲ್ಕೇ ಇರುವುದು ಎಂದು ಸ್ಕೂಲಿನಲ್ಲಿ ಗೊತ್ತಾಗಿ ಕೇಳಿದಾಗ ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. "ಓವರ್‌ಗೆ ಎಷ್ಟು ಬಾಲು? ಆರು ತಾನೆ? ನಮ್ಮನೇಲಿ ಆರೇ" ಎಂದ. ನಾನು ಅದನ್ನು ವೇದವಾಕ್ಯ ಎಂದು ನಂಬಿದೆ. ನಾಲ್ಕು ಚಾನ್ಸ್ ಹಾಳಾಗಿ ನಾನು ಹಲಗೆಯ ಅಂಚಿಗೆ ಕೈ ಹಾಕುವ ಹೊತ್ತಿಗೆ ಅಪ್ಪ ಲೋಟವನ್ನು ಮೆಲ್ಲಗೆ ನನ್ನ ಕಡೆಗೆ ತಳ್ಳುತ್ತಿದ್ದ. ತಳದಲ್ಲಿ ಕಾಫಿಯ ವಾಸನೆ ಉಳಿದಿದ್ದ, ಅಪ್ಪನ ಅಂಗೈಯಲ್ಲಿ ಬೆಚ್ಚಗಾಗಿದ್ದ ಲೋಟ. ಐದನೆಯದು, ಆರನೆಯದು ಹಾಕುವಾಗ ಆಗುತ್ತಿದ್ದ ಸುಖ ನನಗೆ ಮತ್ತೆ ಯಾವುದರಲ್ಲೂ ಸಿಗಲಿಲ್ಲ.

ಆ ಮನೆ ಈಗಿಲ್ಲ. ಕೊರೊನಾ ಬಂದ ವರ್ಷ ಅಪ್ಪ ಆಸ್ಪತ್ರೆಗೆ ಹೋದ, ನಮ್ಮನ್ನು ಒಳಗೆ ಬಿಡುವ ಹಾಗಿರಲಿಲ್ಲ, ಅವನು ಹೊರಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ಅಮ್ಮ ಅಣ್ಣನ ಮನೆಗೆ ಹೋದಳು, ಡೈಮಂಡ್ ಬಾರ್‌ನ ಮನೆ ಮಾರಿದೆವು. ಕೊಂಡವರು ಅದನ್ನು ರಿಪೇರಿ ಮಾಡಿಸಿ ಮತ್ತೆ ಮಾರಾಟಕ್ಕೆ ಇಟ್ಟಾಗ ವೆಬ್‌ಸೈಟಿನಲ್ಲಿ ಫೋಟೋ ನೋಡಿದೆ. ನೋಡಬಾರದಿತ್ತು. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಇದ್ದ ಗೋಡೆ, ಬಾಗಿಲು ಎರಡೂ ಇರಲಿಲ್ಲ. ಎಲ್ಲ ಸೇರಿ ಒಂದೇ ಬೆಳ್ಳನೆಯ ದೊಡ್ಡ ಹಾಲ್. ನಾನು ಕಿವಿಯಿಟ್ಟು ಕೂರುತ್ತಿದ್ದ ಜಾಗದಲ್ಲಿ ಯಾರೋ ಪ್ಲಾಸ್ಟಿಕ್ ನಿಂಬೆಹಣ್ಣಿನ ಬುಟ್ಟಿ ಇಟ್ಟಿದ್ದರು, ಹಿತ್ತಲಲ್ಲಿ ನಮ್ಮ ನಿಜವಾದ ನಿಂಬೆಗಿಡವನ್ನು ಕಡಿಸಿ. ಯಾರ ಮೇಲೆ ರೇಗಬೇಕೆಂದು ತಿಳಿಯದೆ ಫೋನನ್ನು ಸೋಫಾದ ಮೇಲೆ ಎಸೆದೆ.

ದೋಸೆ ತಿಂದ ಮುಂದಿನ ಶನಿವಾರ ನಾನಿರುವ ಲಾಸ್ ಏಂಜಲೀಸಿನಿಂದ ಮತ್ತೆ ಹೊರಟೆ. ಐದನೇ ನಂಬರ್ ಹೈವೇಯಲ್ಲಿ ಎಂದಿನಂತೆ ಟ್ರಾಫಿಕ್ಕು. ಇಂಚಿಂಚೇ ಕಾರು ತಳ್ಳುತ್ತ, ಅಷ್ಟರಲ್ಲಿ ಆ ಪೆಟ್ಟಿಗೆಯನ್ನು ಅಣ್ಣ ಕೊಟ್ಟೇಬಿಟ್ಟಿರುತ್ತಾನೆ ಎಂದು ನನಗೆ ನಾನೇ ಹೆದರಿಸಿಕೊಳ್ಳುತ್ತ, ಸ್ಯಾನ್ ಡಿಯಾಗೋದಲ್ಲಿ ಡೆಲ್ ಮಾರ್ ಹತ್ತಿರದ ಅವನ ಬಾಡಿಗೆ ಮನೆ ತಲುಪಿದೆ. ಸಮುದ್ರದ ಕಡೆಯಿಂದ ಬಂದ ಮಂಜು ಇನ್ನೂ ಕರಗಿರಲಿಲ್ಲ. ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದರೆ ಹಳೇ ರಟ್ಟಿನ ವಾಸನೆ, ಅದರ ಅಡಿಯಲ್ಲಿ ಸಣ್ಣದಾಗಿ ಇಂಗಿನ ವಾಸನೆ. ಗೂಳಿಯ ಕಾರ್ಡಿನ ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ಲೋಟವೂ ಅದರೊಳಗೇ ಇತ್ತು. "ಒಂದು ಆಟ ಆಡೋಣ. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ" ಎಂದೆ. ಅಣ್ಣ ಕಟ್ಟಿದ ಸಾಮಾನುಗಳ ನಡುವೆ ಜಾಗ ಮಾಡಿ ಹಲಗೆ ಬಿಡಿಸಿದ. ಅಪ್ಪನ ಆಟ ಇನ್ನೊಂದೇ ಒಂದು ಸಲ ಆಡಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಅಷ್ಟೂ ಆಗಲಿಲ್ಲ. ನಾಲ್ಕು ಚಾನ್ಸ್ ಮುಗಿದು ನಾನು ಐದನೆಯದಕ್ಕೆ ಲೋಟ ಎತ್ತಿಕೊಂಡರೆ ಅಣ್ಣ ಕೈ ಅಡ್ಡ ಹಿಡಿದ. "ಮುಗೀತು, ಬಾಲ್ ನಂದು."

"ಇನ್ನೂ ಎರಡಿದೆ."

"ಎಲ್ಲಿಂದ ಬಂತೇ ಎರಡು? ನಾಲ್ಕೇ. ಅಪ್ಪ ಯಾವಾಗ್ಲೂ ನಾಲ್ಕೇ ಕೊಡ್ತಿದ್ದಿದ್ದು."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದೇ ನನಗೆ ಅನಿಸಿತು. ಹಲ್ಲು ಕಚ್ಚಿಕೊಂಡು ಚೆಂಡು ಬಿಟ್ಟುಕೊಟ್ಟೆ. ಅವನ ಗೂಳಿ ಎರಡೇ ಗಜಕ್ಕೆ ಬಿದ್ದ. ಅಣ್ಣ ಮತ್ತೆ ದಾಳಕ್ಕೆ ಕೈ ಹಾಕಿದ. "ನಾನು ಓಡ್ತೀನಿ ಅಂತ ನೀನು ಮೊದ್ಲೇ ಊಹಿಸಿಬಿಟ್ಟಿದ್ದೆ, ಅದಕ್ಕೇ ಫೇಲ್ ಆಯ್ತು. ಇನ್ನೊಂದ್ ಸಲ ಹಾಕ್ತೀನಿ" ಎಂದ. ಇದ್ಯಾವ ಮೋಸ ಎಂದು ಕೂಗಿದೆ. ಇದೇ ರೂಲು, ಯಾಕೆ ಸೋತೆ ಅಂತ ಹೇಳಿದರೆ ಅಪ್ಪ ಮತ್ತೆ ದಾಳ ಕೊಡುತ್ತಿದ್ದ ಎಂದು ಅವನೂ ಕೂಗಿದ. ನಲವತ್ತು ದಾಟಿದ ಇಬ್ಬರು, ರಟ್ಟಿನ ಡಬ್ಬಗಳ ನಡುವೆ, ಸತ್ತ ಅಪ್ಪನನ್ನು ಸಾಕ್ಷಿಗೆ ಕರೆದು ಜಗಳವಾಡಿದೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಗೆದ್ದೆಯಾ ಸೋತೆಯಾ ಎಂದಷ್ಟೇ ಕೇಳಿದ್ದೆವು; ಹೇಗೆ ಆಡಿದೆ ಎಂದು ಒಬ್ಬರನ್ನೊಬ್ಬರು ಕೇಳಿರಲೇ ಇಲ್ಲ.

ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಇಬ್ರೂ ಸರಿಯಾಗೇ ಹೇಳ್ತಿದೀರ, ಕಿರುಚಬೇಡಿ" ಎಂದಳು. ನನ್ನ ಕಡೆ ತಿರುಗಿ, "ನೀನು ನಾಲ್ಕಕ್ಕೆ ಸೋತ್ರೆ ಹಲಗೆ ಎತ್ತಿ ಬಿಸಾಕ್ತಿದ್ದೆ. ಅದಕ್ಕೆ ನಿಂಗೆ ಆರು. ಇವನು ಇಲ್ಲಿ ಸ್ಕೂಲಿಗೆ ಸೇರಿದ್ಮೇಲೆ ಮಾತೇ ಬಿಟ್ಟುಬಿಟ್ಟಿದ್ದ. ಮನೇಲೂ ಹ್ಞೂಂ, ಊಹ್ಞೂಂ, ಅಷ್ಟೇ. ಬಾಯಿಬಿಟ್ಟು ಕಾರಣ ಹೇಳಿದ್ರೆ ಇನ್ನೊಂದ್ ಸಲ ದಾಳ ಅಂತ ನಿಮ್ಮಪ್ಪ ರೂಲ್ ಮಾಡಿದ್ರು. ಶನಿವಾರ ಒಂದಿನವಾದ್ರೂ ಇವನು ಮಾತಾಡೋದು ಕೇಳ್ಬೇಕು ಅಂತ ನಾನು ಫ್ಯಾನ್ ಕೂಡ ಹಾಕ್ತಿರ್ಲಿಲ್ಲ" ಎಂದಳು. ಹೇಳಿ, ಹುಳಿ ಸೀಯುತ್ತದೆ ಎಂದು ಒಳಗೆ ಹೋದಳು.

ಚಿಕ್ಕಂದಿನಲ್ಲಿ ಆ ಒಗ್ಗರಣೆ ಹೊಗೆಯಲ್ಲಿ ಕೂತು ನಾನು ಹೊಟ್ಟೆಕಿಚ್ಚು ಪಟ್ಟ ಗುಣುಗುಣು ದನಿ ಅಪ್ಪನದಾಗಿರಲಿಲ್ಲ. ಅಪ್ಪ ಏನನ್ನೂ ಹೇಳಿಕೊಡುತ್ತಿರಲಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಮಾತಾಡುತ್ತಿದ್ದವನು ಅಣ್ಣ. ಇಷ್ಟು ವರ್ಷ ನಾನು ಹುಡುಕುತ್ತಿದ್ದ ಅಪ್ಪನ ಆಟ ಎನ್ನುವುದು ಒಂದು ಇರಲೇ ಇಲ್ಲ. ನನಗೊಂದು ಇತ್ತು, ಅಣ್ಣನಿಗೊಂದು ಇತ್ತು, ಎರಡರಲ್ಲೂ ಎದುರಿನ ಕುರ್ಚಿಯಲ್ಲಿ ಅಪ್ಪ ಇರಬೇಕಿತ್ತು.

ಆದರೂ ಬಿಡದೆ ಮತ್ತೆ ಕೂತೆವು. ಅವನ ರೂಲು ಅವನಿಗೆ, ನನ್ನದು ನನಗೆ. ಈ ಸಲ ಅಣ್ಣನ ಗೂಳಿ ಒಂದು ಗಜವೂ ಹೋಗಲಿಲ್ಲ. ಅಪ್ಪನ ಹಾಗೆ ಕೈಕಟ್ಟಿಕೊಂಡು, "ಯಾಕೆ ಫೇಲ್ ಆಯ್ತು, ಹೇಳು" ಎಂದೆ. ಅಣ್ಣ ಹಲಗೆ ನೋಡಿದ, ಕಾರ್ಡು ನೋಡಿದ, ಬಾಯಿ ತೆರೆದ, ಮುಚ್ಚಿದ. ಕಾದೆ. ಅಪ್ಪನಿಗೆ ಎಲ್ಲಿಂದ ಬರುತ್ತಿತ್ತೋ ಆ ತಾಳ್ಮೆ, ನನ್ನ ಕೈ ಆಗಲೇ ಲೋಟದ ಕಡೆ ಹೋಗಿತ್ತು. "ಬೇಗ ಹೇಳೋ ಮಾರಾಯ!" ಎಂದುಬಿಟ್ಟೆ. ಅಣ್ಣ ಜೋರಾಗಿ ನಕ್ಕ. "ನೋಡು, ಇದಕ್ಕೇ ಅಪ್ಪ ನಿನ್ನ ಅಡುಗೆಮನೆಗೆ ಕಳಿಸ್ತಿದ್ದಿದ್ದು." ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಅವನು ಮತ್ತೆ ಹಲಗೆ ನೋಡಿದ. "ಅಪ್ಪಂಗೆ ಹೇಳ್ತಿದ್ದೆ ಕಣೇ. ನಿಂಗೆ ಹೇಳಕ್ಕೆ ಬರ್ತಾ ಇಲ್ಲ" ಎಂದು, ಉಳಿದ ಚಾನ್ಸುಗಳನ್ನೂ ಬಿಟ್ಟು ಚೆಂಡನ್ನು ನನಗೆ ಕೊಟ್ಟ.

ನಾನು ಹಾಕಿದೆ. ನಾಲ್ಕು ಸಲಕ್ಕೆ ಭಟ್ಟರು ಏಳು ಗಜ ಹೋಗಿ ನಿಂತರು. ಸಾಕು ಎಂದುಕೊಂಡು ಲೋಟವನ್ನು ಅಣ್ಣನ ಕಡೆಗೆ ಸರಿಸಿದೆ. ಅವನು ಎತ್ತಿಕೊಳ್ಳಲಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ನನ್ನ ಕಡೆಗೇ ತಳ್ಳಿದ. "ನಿಂಗೆ ಇನ್ನೂ ಎರಡಿದೆ" ಎಂದ.

ಪೆಟ್ಟಿಗೆ ಅವನ ಜೊತೆ ಟೆಕ್ಸಾಸಿಗೆ ಹೋಯಿತು, ದಾಳವನ್ನೂ ಲೋಟವನ್ನೂ ನನಗೆ ಬಿಟ್ಟು. ಲೋಟ ಈಗ ದಾಳದ ಸಮೇತ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ. ಧೂಳು ಒರೆಸುವಾಗ ತಪ್ಪಿ ಅಲುಗಿದರೆ ಒಳಗೆ ಸದ್ದಾಗುತ್ತದೆ, ನಾನು ತಕ್ಷಣ ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ. ಆ ಎರಡು ಚಾನ್ಸನ್ನು ನಾನು ಅವತ್ತು ಹಾಕಲಿಲ್ಲ. ಬಸ್ಸಿಗೂ ಕಾಯದ, ಹಾಲು ಉಕ್ಕುವುದಕ್ಕೂ ಕಾಯದ ನಾನು ಇದನ್ನು ಮಾತ್ರ ಹಾಕದೆ ಕಾಯುತ್ತಿದ್ದೇನೆ. ಹಾಕಿದರೆ ಅಪ್ಪ ಕೊಟ್ಟದ್ದು ಮುಗಿದುಹೋಗುತ್ತದೆ.