ಹಿಂಬದಿ ಹಲಗೆ ತಟ್ಟಿ ನೋಡುವ ಅಕ್ಕೋರು

ಅಕ್ಕೋರ ಎಡಹುಬ್ಬು ಬಲಹುಬ್ಬಿಗಿಂತ ಅರ್ಧ ಬೆರಳು ಮೇಲೆಯೇ ಇರುತ್ತಿತ್ತು. ಹುಟ್ಟಿನಿಂದ ಹಾಗಿತ್ತೋ, ಜನರನ್ನು ಅನುಮಾನಿಸಿ ಅನುಮಾನಿಸಿ ಹಾಗಾಯಿತೋ, ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಆಗಿನ್ನೂ ಐವತ್ತರ ದಶಕ ಮುಗಿದಿರಲಿಲ್ಲ. ದಾವಣಗೆರೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸು. ಹದಡಿಯಿಂದ ಬಂದ ನಾನು ಹಂಗಾಮಿ. ಅಕ್ಕೋರು ಹರಿಹರದಿಂದ ದಿನಾ ರೈಲಿನಲ್ಲಿ ಬಂದಿಳಿದು, ಗೋಡೆ ಗಡಿಯಾರವನ್ನೂ ತಮ್ಮ ಕೈಗಡಿಯಾರವನ್ನೂ ನೋಡಿ, ಎರಡನ್ನೂ ನಂಬದೆ ನನ್ನನ್ನು ಟೈಮು ಕೇಳುತ್ತಿದ್ದರು. ಬಸುರಿಯರು ಹೇಳಿದ ತಿಂಗಳನ್ನಂತೂ ಒಪ್ಪುತ್ತಲೇ ಇರಲಿಲ್ಲ. "ಗೌರಿ ಹಬ್ಬದಾಗ ಹೊರಗಾಗಿದ್ಯೇನವಾ? ಸರಿಯಾಗಿ ನೆನಪು ಮಾಡ್ಕೊ" ಎಂದು ಹಬ್ಬದಿಂದ ಹಬ್ಬಕ್ಕೆ ಎಳೆದಾಡಿ ಲೆಕ್ಕ ಹಿಡಿಯುತ್ತಿದ್ದರು.

ಯಾವ ಕೇರಿಯ ಯಾವ ಬಸುರಿಯನ್ನು ಯಾವ ವಾರ ಮನೆಗೆ ಹೋಗಿ ನೋಡಬೇಕು ಎಂದು ಚೀಟಿ ಬರೆದು ತಂತಿಗೆ ಚುಚ್ಚಿಡುತ್ತಿದ್ದೆವು. ಅಡಿಯದೊಂದು ಬೇಕೆಂದರೆ ಮೇಲಿನವನ್ನೆಲ್ಲ ಇಳಿಸಬೇಕು. ಲೇಡಿ ಡಾಕ್ಟರು ಬೇಸತ್ತು, "ವಾರಕ್ಕೊಂದು ಗೂಡಿರುವ ಪೆಟ್ಟಿಗೆ ತನ್ನಿ, ಮೇಜಿನ ಮೇಲಿಡೋಣ. ಅಗ್ಗದ್ದಿರಲಿ" ಎಂದರು.

ಹರಿಹರದ ಅಂಗಡಿಗೆ ಇಬ್ಬರೂ ಹೋದೆವು. ಮಿರಿಮಿರಿ ವಾರ್ನಿಷಿನ ಮರದ ಪೆಟ್ಟಿಗೆ ನೋಡಿದ್ದೇ ನಾನು ಮರುಳಾದೆ. ಅಕ್ಕೋರು ಅದನ್ನು ಮೂಸಿದರು, ಒಂದು ಚೀಟಿ ಹಾಕಿ ಎಡಗೈಯಲ್ಲಿ ತೆಗೆದರು, ತಿರುಗಿಸಿ ಹಿಂದೆ ತಟ್ಟಿದರು.

"ಹಿಂದಿನ ಹಲಗೆ ಅಳ್ಳಾಡ್ತೈತೆ."

"ಏನ್ರಿ ಅಕ್ಕೋರೆ, ಪೆಟ್ಟಿಗಿಗೆ ಹೆಣ್ಣು ಕೊಡೋರಂಗೆ ನೋಡ್ತೀರಲ್ರಿ!" ಎಂದ ಅಂಗಡಿಯವನು.

"ಹೆಣ್ಣು ಕೊಡೋದಾದ್ರ ಇನ್ನೂ ಎರಡು ಸಲ ತಟ್ಟತಿದ್ದೆ" ಎಂದವರೇ ಎದ್ದುಬಿಟ್ಟರು. ತಮ್ಮ ಓಣಿಯ ತಗಡು ಕೆಲಸದವನು ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ಪೆಟ್ಟಿಗೆಯೇ ಸಾಕಂತೆ. ಅದರ ರೂಪವೋ, ದೇವರಿಗೇ ಪ್ರೀತಿ. ಇವರಿಗೂ ಅವನಿಗೂ ಏನೋ ಕಮಿಷನ್ ಇರಬೇಕು ಎಂದು ನನಗೆ ಖಾತ್ರಿಯಾಯಿತು. ಅವರು ಎರಡು ದಿನ ರಜೆ ಹಾಕಿದ್ದೇ ತಡ, ಹರಿಹರಕ್ಕೆ ಹೋಗಿ ಮರದ್ದನ್ನೇ ತಂದಿಟ್ಟೆ. ಬಂದು ನೋಡಿದ ಅಕ್ಕೋರ ಹುಬ್ಬು ಇನ್ನಷ್ಟು ಮೇಲೇರಿತು. "ಆತು ಬಿಡು" ಎಂದರು, ಅಷ್ಟೆ.

ಎರಡು ತಿಂಗಳು ಕಳೆದಿರಬಹುದು. ಒಂದು ಸೋಮವಾರ ಆ ವಾರದ ಗೂಡು ಖಾಲಿಯಿತ್ತು. "ಈ ವಾರ ಯಾರೂ ಇಲ್ರಿ ಅಕ್ಕೋರೆ" ಎಂದೆ ಖುಷಿಯಿಂದ.

"ಇಷ್ಟು ದೊಡ್ಡ ಊರಾಗ ಒಬ್ಬಾಕೀನೂ ಇಲ್ಲೇನು? ಖಾಲಿ ಕಂಡ ಕೂಡ್ಲೆ ಖಾಲಿ ಅನಬ್ಯಾಡ ತಂಗಿ."

ಪೆಟ್ಟಿಗೆಯನ್ನು ಬೋರಲು ಹಾಕಿ ಹಿಂದಿನ ಹಲಗೆಗೆ ಗುದ್ದಿದರು. ಹಲಗೆಯ ಸಂದಿನಿಂದ ಆ ವಾರದ ಚೀಟಿಗಳು ಜಾರಿದವು, ಅವುಗಳ ಜೊತೆ ಹಳೆಯದೊಂದು ಚೀಟಿಯೂ. ನನ್ನದೇ ಅಕ್ಷರ: ನಿಟ್ಟುವಳ್ಳಿ, ಚೊಚ್ಚಲು, ಕಾಲು ಬಾವು, ತಪ್ಪದೆ ನೋಡಬೇಕು. ನೋಡಬೇಕಾದ ದಿನ ಕಳೆದು ಹತ್ತು ದಿನವಾಗಿತ್ತು.

ಟಾಂಗಾ ಹಿಡಿದು ಓಡಿದೆವು. ಅತ್ತೆಯಾದವಳು ಬಾಗಿಲಲ್ಲೇ, "ಏನಿಲ್ರಿ, ತಲಿನೋವು ಅಂತ ಮಲ್ಗ್ಯಾಳ" ಎಂದಳು. ಅಕ್ಕೋರು ಅವಳನ್ನು ಸರಿಸಿ ಒಳಗೆ ಹೋದರು. ಹುಡುಗಿಯ ಮುಖ ಊದಿಕೊಂಡಿತ್ತು. "ಕಣ್ಣು ಮಂಜು ಮಂಜು ಆಗ್ತಾವ್ರಿ" ಎಂದಳು. ಅದೇ ಟಾಂಗಾದಲ್ಲಿ ಕರೆತಂದೆವು. ದಾರಿಯುದ್ದಕ್ಕೂ ಅವಳ ಕೈ ಹಿಡಿದು ಕೂತ ನನಗೆ, ಇವಳಿಗೇನಾದರೂ ಆದರೆ ಕೊಂದವಳು ನಾನೇ ಎಂಬುದೊಂದೇ ಯೋಚನೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು.

ಲೇಡಿ ಡಾಕ್ಟರು ಇಬ್ಬರನ್ನೂ ಕರೆಸಿದರು. "ಈ ಪೆಟ್ಟಿಗೆ ಆರಿಸಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಹೇಳಿದರು: "ನಾನೇ ರೀ. ಅಗ್ಗಕ್ಕೆ ಸಿಗ್ತು ಅಂತ ಮೋಸ ಹೋದೆ."

ಮೇಡಂ ಅಕ್ಕೋರ ಮುಖವನ್ನು ನೋಡಿದರು, ನನ್ನದನ್ನೂ ನೋಡಿದರು. "ಬೇರೆ ತನ್ನಿ" ಎಂದು ಕಳಿಸಿಬಿಟ್ಟರು.

ತಗಡಿನ ಪೆಟ್ಟಿಗೆ ತರಲು ಹೋದಾಗ ಕಮಿಷನ್ ವಿಷಯ ಮೆಲ್ಲಗೆ ಕೆದಕಿದೆ. ತಗಡಿನವನು ನಕ್ಕುಬಿಟ್ಟ. "ಆಯಮ್ಮ ನಮ್ಮನ್ಯಾಗ ಚಾ ಸೈತ ಕುಡಿದಾಕಿ ಅಲ್ರಿ. ಹಾಲು ಎಂಥದ್ದೋ ಅಂತಾಳ."

ಆದರೂ ನನ್ನ ಅನುಮಾನ ಸಾಯಲಿಲ್ಲ. ಸುಮ್ಮನೆ ಯಾರಾದರೂ ಇನ್ನೊಬ್ಬರ ತಪ್ಪು ಹೊರುತ್ತಾರೆಯೇ? ಅವರು ಡ್ಯೂಟಿ ಬದಲಿಸಿಕೊಳ್ಳಲು ಕೇಳಿದಾಗ, ಹಬ್ಬಕ್ಕೆ ರಜೆ ಹಾಕಿದಾಗ, ಈಗ ಬಂತು ನೋಡು ಋಣ ವಸೂಲಿ ಎಂದುಕೊಳ್ಳುತ್ತಿದ್ದೆ. ನನ್ನ ಕೆಲಸ ಕಾಯಂ ಆದ ದಿನವಂತೂ ಅವರೆದುರು ಹೋಗದೆ ತಪ್ಪಿಸಿಕೊಂಡು ತಿರುಗಿದೆ. ಉಪಕಾರವಾಯಿತು ಎಂದರೆ ಅವರ ಮುಷ್ಟಿಗೆ ಸಿಕ್ಕಿಬೀಳುತ್ತೇನೆ ಎಂಬ ಭಯ. ಅವರೊಮ್ಮೆಯೂ ಆ ಮಾತೆತ್ತಲಿಲ್ಲ. ನಿವೃತ್ತರಾಗಿ ಹರಿಹರದಲ್ಲಿ ಉಳಿದರು. ನಾನು ನೋಡಲೂ ಹೋಗಲಿಲ್ಲ.

ಅರವತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹರಿಹರದ ರೈಲು ಹತ್ತುವ ಮೊದಲು ಲೇಡಿ ಡಾಕ್ಟರ ಕೋಣೆಗೆ ಹೋದೆ. "ಆ ಮರದ ಪೆಟ್ಟಿಗೆ ತಂದವಳು ನಾನು ಮೇಡಂ, ಅಕ್ಕೋರಲ್ಲ" ಎಂದು ಒಂದೇ ಉಸಿರಿಗೆ ಹೇಳಿ ಅಳತೊಡಗಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತೇ ಗೊತ್ತಾಯ್ತಮ್ಮ. ಆಕೆ ಮೋಸ ಹೋಗುವ ಹೆಂಗಸೇನು? ನೀವಿಬ್ಬರೂ ಹೊರಗೆ ಹೋದ ಮೇಲೆ ಆಕೆಯೊಬ್ಬಳೇ ತಿರುಗಿ ಬಂದು, 'ಆ ಹುಡುಗೀನ ತೆಗೀಬ್ಯಾಡ್ರಿ, ಇನ್ನು ಮ್ಯಾಲೆ ಆಕಿ ಕೈಯಾಗಿನ ಚೀಟಿ ಒಂದೂ ತಪ್ಪಂಗಿಲ್ಲ' ಅಂದಳು. ಆಕೆ ಒಬ್ಬರನ್ನು ನಂಬಿದ್ದು ನಾನು ನೋಡಿದ್ದು ಅದೊಂದೇ ಸಲ."