ಫ್ರೆಂಚ್ ಹಾಡಿಗೊಂದು ಅರ್ಧ ಉಕಾರ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಗಲ್ಫಿನಲ್ಲಿ, ಬೌಷರ್‌ನ ಒಂದು ಫ್ಲಾಟಿನಲ್ಲಿದ್ದೆವು. ಚರ್ಚಿನ ಕಾಯರ್‌ನಲ್ಲಿ ನನ್ನ ದನಿ ಕೇಳಿದ ಫ್ರೆಂಚ್ ಮೇಡಂ ಒಬ್ಬರು, ಅಲ್ಲಿನ ಇಂಜಿನಿಯರ್ ಒಬ್ಬರ ಹೆಂಡತಿ, ತಮ್ಮ ಮನೆಗೆ ಬಂದು ಹಾಡು ಕಲಿಯಲು ಕರೆದರು. ಅವರ ದೇಶದಲ್ಲಿ ಕವಿತೆಯನ್ನು ಪಿಯಾನೊ ಜೊತೆ ಹಾಡುವ ಒಂದು ಪದ್ಧತಿಯಿದೆ. ಮೆಲೊಡಿ ಎಂದೇ ಅದರ ಹೆಸರು. ಆಪೆರಾದ ಹಾಗೆ ಗಂಟಲು ಬಿಚ್ಚಿ ಕೂಗಲಿಕ್ಕಿಲ್ಲ. ಎದುರು ಕೂತವರೊಬ್ಬರಿಗೆ ಮೆಲ್ಲನೆ ಹೇಳಿದಂತೆ ಹಾಡಬೇಕು. ಕಾಯರ್‌ನಲ್ಲಿ ಸದಾ "ಲೌಡರ್, ಪ್ಲೀಸ್" ಎಂದು ಹೇಳಿಸಿಕೊಳ್ಳುತ್ತಿದ್ದ ನನ್ನ ಸಣ್ಣ ದನಿಗೆ ಕೊನೆಗೂ ಒಂದು ಜಾಗ ಸಿಕ್ಕಿತು ಅನಿಸಿತು.

ಮೂಗಿನಿಂದ ಬರುವ ಅವರ ಸ್ವರಗಳು ನನಗೆ ಕಷ್ಟವಾಗಲೇ ಇಲ್ಲ. ಮನೆಯ ಕೊಂಕಣಿಯಲ್ಲಿ ದಿನವಿಡೀ 'ಹಾಂವ್', 'ಖಂಯ್' ಅನ್ನುವ ಮೂಗಿಗೆ ಅದೇನು ಹೊಸತೇ? ಜೊತೆಗೆ ಕಲಿಯುತ್ತಿದ್ದ ಇಂಗ್ಲಿಷ್ ಲೇಡಿ ಪಾಪ, ಅಲ್ಲೇ ತಿಣುಕಾಡುತ್ತಿದ್ದಳು. ನಾನು ಸೋತದ್ದು ಹಾಡಿನ ಕೊನೆಯ ಪದದಲ್ಲಿ.

ಆ ಪದ 'ಪೋರ್ತ್', ಅಂದರೆ ಬಾಗಿಲು. ಮಾತಿನಲ್ಲಿ ಅದು ಅಷ್ಟಕ್ಕೇ ಮುಗಿಯುತ್ತದೆ. ಹಾಡಿನಲ್ಲಿ ಮಾತ್ರ ತುದಿಯ 'ತ್' ಆದ ಮೇಲೆ ಉಸಿರಿನಷ್ಟು ಸ್ವರ ಉಳಿಯಬೇಕು. ಅದಕ್ಕೆಂದೇ ಪ್ರತ್ಯೇಕ ನೋಟ್ ಬರೆದಿರುತ್ತಾರೆ. ನಾನು ಟಪ್ಪೆಂದು ಕತ್ತರಿಸುತ್ತಿದ್ದೆ, ಇಲ್ಲವೇ 'ಪೋರ್ತೇ' ಎಂದು ಎಳೆಯುತ್ತಿದ್ದೆ.

"ಡೋಂಟ್ ಸ್ಲ್ಯಾಮ್ ದ ಡೋರ್, ಮೈ ಡಿಯರ್," ಎಂದರು ಮೇಡಂ. ಗುರುವಾರ ಸಂಜೆ ಅವರ ಮನೆಯಲ್ಲಿ ಹತ್ತಿಪ್ಪತ್ತು ಜನರ ಮುಂದೆ ಹಾಡುವುದಿತ್ತು. ಬುಧವಾರದೊಳಗೆ ಸರಿಯಾಗದಿದ್ದರೆ ಹಾಡು ಇಂಗ್ಲಿಷ್ ಲೇಡಿಗೆ. "ಯೂ ಕ್ಯಾನ್ ಟರ್ನ್ ದ ಪೇಜಸ್."

ಹಾಳೆ ತಿರುವುವ ಕೆಲಸ! ನಲವತ್ತು ದಾಟಿದ ಹೆಂಗಸು, ಮನೆಗೆ ಬಂದು ಮಗುವಿನಂತೆ ಅತ್ತೆ.

ಮಂಗಳವಾರ ಅಡುಗೆಮನೆಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಗ ಎದುರು ಫ್ಲಾಟಿನ ಬ್ಯಾರಿ ಗೆಳತಿ ಬಂದಳು. ಉಳ್ಳಾಲದವಳು.

"ಎಂತ ಬಾಯಮ್ಮ, ನಿಮ್ಮ ಪದ್ಯ ಕರೆಂಟ್ ಹೋದ ಹಾಗೆ ನಿಲ್ತದಲ್ಲ?"

"ಕೊನೆಗೆ ಒಂದು ಸಣ್ಣ ಸ್ವರ ಬೇಕು ಮಾರಾಯ್ತಿ, ಬರುದೇ ಇಲ್ಲ."

"ಎಂತ ಪದ ಅದು?"

"ಪೋರ್ತ್."

"ಪೋರ್ತು," ಎಂದಳು ಅವಳು, ಬಸ್ಸು, ಕಾರು ಅನ್ನುವ ಹಾಗೆ. "ಇಷ್ಟಕ್ಕೆ ಮುಖ ಸಪ್ಪೆ ಮಾಡಿದ್ದಾ? ಖಲಾಸ್!"

ನಾನು ಬೆರಗಾಗಿ ನಿಂತೆ. ಅವಳ ಬಾಯಲ್ಲಿ ಬಂದದ್ದು ಪೂರ್ತಿ 'ಉ' ಅಲ್ಲ; ತುಳುವಿನಲ್ಲಿ, ಬ್ಯಾರಿಯಲ್ಲಿ ಪದದ ತುದಿಗೆ ಅಂಟಿಕೊಂಡಿರುವ, ತುಟಿ ದುಂಡಗಾಗದ ಅರ್ಧ 'ಉ'. ಕಾನ್ವೆಂಟಿನಲ್ಲಿ 'ಬಸ್ಸು' ಅಂದದ್ದಕ್ಕೆ ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. "ನೋ ಟೇಲ್ಸ್, ಗರ್ಲ್ಸ್!" ಅಂದಿನಿಂದ ಪದಗಳ ಬಾಲ ಕತ್ತರಿಸುವುದೇ ನನ್ನ ಹೆಮ್ಮೆ. ಈಗ ನೋಡಿದರೆ ಫ್ರೆಂಚರು ಆ ಬಾಲವನ್ನೇ ನೋಟ್ ಬರೆದು ಕೇಳುತ್ತಿದ್ದರು!

"ಇನ್ನೊಮ್ಮೆ ಹೇಳು," ಎಂದೆ.

"ಹೇಳುವಾ. ಮೊದಲು ಚಾ ಇಡಿ."

ಬುಧವಾರ ನಾನು ಕೊನೆಯ ಪದ ಹಾಡಿ ಮುಗಿಸಿದಾಗ ಮೇಡಂ ಪಿಯಾನೊದಿಂದ ಕೈ ತೆಗೆದು ನನ್ನನ್ನೇ ನೋಡಿದರು. ಯಾರು ಕಲಿಸಿದ್ದು ಎಂದು ಕೇಳಿದರು.

"ಮೈ ನೇಬರ್."

"ಫ್ರೆಂಚ್?"

"ನೋ ಮೇಡಂ, ಉಳ್ಳಾಲ್."

ಅದು ಫ್ರಾನ್ಸಿನ ಯಾವ ಮೂಲೆ ಎಂದು ಅವರು ಯೋಚಿಸುತ್ತಿದ್ದಂತೆ ಕಂಡಿತು. ನಾನು ಬಿಡಿಸಿ ಹೇಳಲಿಲ್ಲ.

ಗುರುವಾರ ಹಾಡಿದ್ದು ನಾನೇ. ಈ ಹಾಡುಗಳಲ್ಲಿ ದನಿ ನಿಂತ ಮೇಲೂ ಪಿಯಾನೊ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಮುಂದುವರಿಯುತ್ತದೆ. ಅಷ್ಟೂ ಹೊತ್ತು ಕೈಕಟ್ಟಿ ನಿಂತು ಕೇಳಿದೆ. ಯಾರೂ ಕೆಮ್ಮಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ನಮ್ಮವರು ಕೇಳಿದರು, "ಚಂದ ಹಾಡಿದೆ ಮಾರಾಯ್ತಿ. ಅದರ ಅರ್ಥ ಎಂತ?"

"ಯಾರೋ ಬಾಗಿಲು ಹಾಕದೆ ಹೋಗಿದ್ದಾರೆ. ಇನ್ನೊಬ್ಬರು ಕಾಯ್ತಾ ಇದ್ದಾರೆ."

"ಬಾಗಿಲು ತೆಗೆದಿಟ್ಟುಕೊಂಡಾ? ಏಸಿಯ ತಂಪೆಲ್ಲ ಹೊರಗೆ ಹೋಗುದಿಲ್ವಾ?"

ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತೋ ಏನೋ. ಆ ಸಂಜೆ ಮನೆ ಮುಟ್ಟುವವರೆಗೂ ನಕ್ಕೆ.